ಖಾತೆಯಲ್ಲಿರುವ ಹಣ ಬ್ಯಾಂಕಾಕಿನಲ್ಲಿ ಕೈಗೆ ಸಿಗುತ್ತದೆಯೇ?

ವಿದೇಶ ಪ್ರವಾಸಕ್ಕೆ ಹೊರಟವರ ಮನೆಯಲ್ಲಿ ಎಲ್ಲದಕ್ಕೂ ಒಂದು ಪಟ್ಟಿ ಇರುತ್ತದೆ. ಪಾಸ್‌ಪೋರ್ಟ್, ವೀಸಾ, ಮಾತ್ರೆ, ಚಟ್ನಿಪುಡಿ, ಅವಲಕ್ಕಿ, ಪ್ಲಗ್ ಅಡಾಪ್ಟರ್ ಎಲ್ಲವೂ ಅದರಲ್ಲಿ ಬರುತ್ತವೆ. ಹಣದ ಮಾತು ಬಂದಾಗ ಮಾತ್ರ ‘ಕಾರ್ಡ್ ಇದೆಯಲ್ಲ, ನೋಡಿಕೊಂಡರಾಯಿತು’ ಎಂದು ಮುಗಿಸಿಬಿಡುತ್ತೇವೆ. ಆದರೆ ಹಣ ಇರುವುದು ಬೇರೆ, ಬೇಕಾದ ಹೊತ್ತಿಗೆ ಬೇಕಾದ ಜಾಗದಲ್ಲಿ ಅದು ಕೈಗೆ ಸಿಗುವುದು ಬೇರೆ. ಈ ಎರಡರ ನಡುವೆ ಬ್ಯಾಂಕಿನ ಸ್ವಿಚ್ಚು, ಕಾರ್ಡಿನ ಜಾಲ, ವಿನಿಮಯ ದರ, ರಿಸರ್ವ್ ಬ್ಯಾಂಕಿನ ನಿಯಮ ಎಲ್ಲವೂ ಬರುತ್ತವೆ. ಹೊರಡುವವರಲ್ಲಿ ಸಾಮಾನ್ಯವಾಗಿ ಕೇಳಿಬರುವ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ಪರೀಕ್ಷಿಸೋಣ.

ನಂಬಿಕೆ 1: ಇಲ್ಲಿ ನಡೆಯುವ ಕಾರ್ಡ್ ಅಲ್ಲೂ ನಡೆಯುತ್ತದೆ

ವಾಸ್ತವ: ಹೇಳಿ ತೆರೆಸದಿದ್ದರೆ ಬಹುಪಾಲು ನಡೆಯುವುದಿಲ್ಲ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ, ಹೊಸದಾಗಿ ಕೊಡುವ ಅಥವಾ ಬದಲಾಯಿಸಿ ಕೊಡುವ ಪ್ರತಿ ಕಾರ್ಡ್ ಭಾರತದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಲ್ಲಷ್ಟೇ ಕೆಲಸ ಮಾಡುವ ಸ್ಥಿತಿಯಲ್ಲಿ ಬರುತ್ತದೆ. ವಿದೇಶಿ ಬಳಕೆಯನ್ನು ಗ್ರಾಹಕರೇ ಮೊಬೈಲ್ ಆ್ಯಪ್, ನೆಟ್‌ಬ್ಯಾಂಕಿಂಗ್ ಅಥವಾ ಶಾಖೆಯ ಮೂಲಕ ತೆರೆಯಬೇಕು. ಎಟಿಎಂ, ಅಂಗಡಿ, ಆನ್‌ಲೈನ್ ಮೂರಕ್ಕೂ ಬೇರೆ ಬೇರೆ ಗುಂಡಿ, ಬೇರೆ ಬೇರೆ ದಿನದ ಮಿತಿ. ಅಂಗಡಿಯ ಗುಂಡಿ ಒತ್ತಿ ಎಟಿಎಂ ಗುಂಡಿ ಮರೆತವರು ಖಾತೆ ತುಂಬ ಹಣವಿದ್ದರೂ ಯಂತ್ರದ ಮುಂದೆ ಬರಿಗೈಯಲ್ಲಿ ನಿಲ್ಲುತ್ತಾರೆ.

ಎರಡನೆಯದು ಕಾರ್ಡಿನ ಜಾತಿ. ನಮ್ಮಲ್ಲಿ ಅನೇಕರ ಉಳಿತಾಯ ಖಾತೆಗೆ ಬಂದಿರುವುದು ರುಪೇ ಡೆಬಿಟ್ ಕಾರ್ಡ್. ಅದರಲ್ಲಿ ದೇಶದೊಳಗಷ್ಟೇ ನಡೆಯುವ ಬಗೆ ಇದೆ; ಡಿಸ್ಕವರ್, ಜೆಸಿಬಿಯಂಥ ಜಾಲಗಳ ಜತೆ ಒಪ್ಪಂದವಿದ್ದು ಹೊರದೇಶದಲ್ಲೂ ನಡೆಯುವ ಬಗೆಯೂ ಇದೆ. ನಿಮ್ಮ ಕೈಯಲ್ಲಿರುವುದು ಯಾವುದು ಎಂದು ಬ್ಯಾಂಕಿನಲ್ಲಿ ಕೇಳಿ ತಿಳಿಯಿರಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಒಂದು ಕಾರ್ಡಾದರೂ ಜತೆಗಿರಲಿ. ಅದರ ಅವಧಿ ಪ್ರವಾಸದ ನಡುವೆ ಮುಗಿಯುತ್ತದೆಯೇ ಎಂದೂ ನೋಡಿಕೊಳ್ಳಿ.

ಗಂಡನ ಹತ್ತಿರ ಒಂದು, ಹೆಂಡತಿಯ ಹತ್ತಿರ ಅದೇ ಖಾತೆಯ ಇನ್ನೊಂದು ಕಾರ್ಡ್ ಇದ್ದರೆ ‘ಎರಡಿದೆ’ ಎಂಬ ಧೈರ್ಯ ಬೇಡ. ಕ್ರೆಡಿಟ್ ಕಾರ್ಡಿನ ಆ್ಯಡ್-ಆನ್‌ಗೂ ಮಿತಿ ಒಂದೇ. ಬೇರೆ ಬ್ಯಾಂಕಿನ ಬೇರೆ ಖಾತೆಯದಾದರೆ ಮಾತ್ರ ಅದು ಎರಡನೇ ದಾರಿ.

ನಂಬಿಕೆ 2: ಯುಪಿಐ ವಿದೇಶಕ್ಕೂ ಹೋಗಿದೆ, ಫೋನ್ ಇದ್ದರೆ ಸಾಕು

ವಾಸ್ತವ: ಹೋಗಿರುವುದು ನಿಜ, ಎಲ್ಲೆಡೆಗೆ ಅಲ್ಲ. ಭೂತಾನ್ 2021ರಲ್ಲೇ ಆರಂಭಿಸಿತು. 2024ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರ, ಶ್ರೀಲಂಕಾ, ಮಾರಿಷಸ್ ಸೇರಿದವು. ನೇಪಾಳ, ಸಿಂಗಪುರ, ಯುಎಇಗಳಲ್ಲೂ ಒಪ್ಪುವ ಅಂಗಡಿಗಳಿವೆ. ಆದರೆ ಐಫೆಲ್ ಗೋಪುರದ ಟಿಕೆಟ್ಟಿಗೆ ನಡೆಯಿತೆಂದು ಪ್ಯಾರಿಸ್ಸಿನ ಬೇಕರಿಯಲ್ಲೂ ನಡೆಯಬೇಕೆಂದಿಲ್ಲ. ಒಪ್ಪಂದವಿರುವ ಅಂಗಡಿಯ ಕ್ಯೂಆರ್ ಕೋಡಿಗೆ ಮಾತ್ರ ಅದು ಸ್ಪಂದಿಸುತ್ತದೆ.

ಹೆಚ್ಚಿನ ಆ್ಯಪ್‌ಗಳಲ್ಲಿ ಅಂತರರಾಷ್ಟ್ರೀಯ ಯುಪಿಐಯನ್ನು ಪ್ರತ್ಯೇಕವಾಗಿ, ನಿಗದಿತ ಅವಧಿಗೆ ತೆರೆಯಬೇಕಾಗುತ್ತದೆ. ಇದಕ್ಕೂ ದೊಡ್ಡ ವಿಷಯ ಸಿಮ್. ವಿಮಾನ ಇಳಿದ ಕೂಡಲೇ ಅಲ್ಲಿನ ಸಿಮ್ ಹಾಕಿ ಭಾರತದ ಸಿಮ್ ತೆಗೆದುಬಿಟ್ಟರೆ ಬ್ಯಾಂಕಿನ ಓಟಿಪಿ ಬರುವುದಿಲ್ಲ. ಕೆಲವು ಆ್ಯಪ್‌ಗಳು ಮತ್ತೆ ನೋಂದಣಿ ಕೇಳುತ್ತವೆ. ಎರಡು ಸಿಮ್ ಹಿಡಿಯುವ ಫೋನ್ ಇದ್ದರೆ ಭಾರತದ ಸಂಖ್ಯೆಯನ್ನು ರೋಮಿಂಗ್‌ನಲ್ಲಿ ಜೀವಂತ ಇಟ್ಟು, ಡೇಟಾ ಮಾತ್ರ ಅಲ್ಲಿನ ಸಿಮ್ಮಿನಿಂದ ಬಳಸಿ.

ನಂಬಿಕೆ 3: ನೋಟು ಜೇಬಿನಲ್ಲಿದ್ದರೆ ಯಾವ ತಲೆನೋವೂ ಇಲ್ಲ

ವಾಸ್ತವ: ನೋಟಿಗೆ ಮಿತಿ ಇದೆ, ಮತ್ತು ನೋಟು ನಡೆಯದ ಜಾಗಗಳೂ ಇವೆ. ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ವಿದೇಶಕ್ಕೆ ಒಯ್ಯಬಹುದು ಎಂಬುದನ್ನು ಕೇಳಿದವರು ಅಷ್ಟೂ ನಗದಾಗಿ ಸಿಗುತ್ತದೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಹೆಚ್ಚಿನ ದೇಶಗಳಿಗೆ ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದ ವಿದೇಶಿ ನೋಟು ಮಾತ್ರ. ಉಳಿದದ್ದು ಕಾರ್ಡಿನಲ್ಲಿ ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ. ಹಜ್, ಉಮ್ರಾ ಯಾತ್ರಿಗಳಿಗೆ ಈ ನೋಟಿನ ಮಿತಿಯಲ್ಲಿ ವಿನಾಯಿತಿ ಇದೆ. ನೇಪಾಳ, ಭೂತಾನ್ ಪ್ರವಾಸಕ್ಕೆ ವಿದೇಶಿ ವಿನಿಮಯವನ್ನೇ ಕೊಡುವುದಿಲ್ಲ. ಅಲ್ಲಿ ನಮ್ಮ ರೂಪಾಯಿಯೇ ಓಡಾಡುತ್ತದೆ. ಭೂತಾನದ ನುಲ್ಟ್ರಮ್ ರೂಪಾಯಿಗೆ ಸಮ, ನೇಪಾಳದಲ್ಲಿ ಒಂದು ರೂಪಾಯಿಗೆ ಅವರ 1.60.

‘ಭಾರತದ ರೂಪಾಯಿ ಗಡಿ ದಾಟುವಂತೆಯೇ ಇಲ್ಲ’ ಎಂಬುದೂ ಸರಿಯಲ್ಲ. ಇತರ ದೇಶಗಳಿಗೆ ಹೋಗುವಾಗ 25,000 ರೂಪಾಯಿವರೆಗೆ ಜತೆಗಿಟ್ಟುಕೊಳ್ಳಬಹುದು. ಮರಳಿ ಬಂದು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಹಿಡಿಯುವಾಗ ಅದೇ ಉಪಯೋಗಕ್ಕೆ ಬರುತ್ತದೆ.

ಲಂಡನ್ನಿನ ಬಸ್ಸುಗಳು 2014ರ ಜುಲೈಯಿಂದ ನಗದು ತೆಗೆದುಕೊಳ್ಳುವುದನ್ನೇ ನಿಲ್ಲಿಸಿವೆ. ಪೌಂಡ್ ನೋಟು ಹಿಡಿದು ನಿಂತರೂ ಚಾಲಕ ಹತ್ತಿಸಿಕೊಳ್ಳುವುದಿಲ್ಲ, ಕಾರ್ಡ್ ಮುಟ್ಟಿಸಬೇಕು. ಬ್ಯಾಂಕಾಕಿನ ಬೀದಿಬದಿಯ ಊಟದ ಗಾಡಿಯಲ್ಲಿ ಪರಿಸ್ಥಿತಿ ತಿರುಗಾಮುರುಗಾ: ಅಲ್ಲಿ ನಮ್ಮ ಕಾರ್ಡಿಗೆ ಕೆಲಸವಿಲ್ಲ, ಬಾಟ್ ನೋಟೇ ಬೇಕು. ಹೋಗುವ ಊರಿನ ರೂಢಿ ನೋಡಿ ನಗದು ಎಷ್ಟು, ಕಾರ್ಡಿನಲ್ಲಿ ಎಷ್ಟು ಎಂದು ನಿರ್ಧರಿಸಬೇಕು.

ನಂಬಿಕೆ 4: ‘ಕಮಿಷನ್ ಇಲ್ಲ’ ಎಂದು ಬರೆದ ಕಡೆ ನಷ್ಟವಿಲ್ಲ

ವಾಸ್ತವ: ಲಾಭ ದರದಲ್ಲೇ ಕೂತಿರುತ್ತದೆ, ಮಜ್ಜಿಗೆಯಲ್ಲಿ ನೀರು ಬೆರೆತ ಹಾಗೆ. ವಿನಿಮಯ ಕೌಂಟರಿನ ಫಲಕದಲ್ಲಿ ಎರಡು ಸಾಲು ಅಂಕಿ ಇರುತ್ತವೆ: ಅವರು ಕೊಳ್ಳುವ ದರ, ಅವರು ಮಾರುವ ದರ. ಮಾರುಕಟ್ಟೆಯಲ್ಲಿ ಡಾಲರಿಗೆ 90 ರೂಪಾಯಿ ಎಂದುಕೊಳ್ಳಿ. ಫಲಕದಲ್ಲಿ ಮಾರಾಟ 95, ಖರೀದಿ 85 ಎಂದಿದ್ದರೆ ಕೊಳ್ಳುವಾಗ ಡಾಲರಿಗೆ ಐದು, ಉಳಿದದ್ದನ್ನು ಮರಳಿಸುವಾಗ ಇನ್ನೈದು ರೂಪಾಯಿ ಹೋಯಿತು. ಕಮಿಷನ್ ಎಂಬ ಹೆಸರಿನಲ್ಲಿ ಒಂದು ಪೈಸೆಯನ್ನೂ ಅವರು ಕೇಳಲಿಲ್ಲ! ಎರಡು ಅಂಕಿಗಳ ಅಂತರ ಕಿರಿದಾದಷ್ಟೂ ದರ ನ್ಯಾಯವಾದದ್ದು. ವಿಮಾನ ನಿಲ್ದಾಣದಲ್ಲಿ ಕೊನೆ ಗಳಿಗೆಯಲ್ಲಿ ಕೊಳ್ಳುವವರಿಗೆ ಚೌಕಾಸಿಗೆ ಸಮಯವಿಲ್ಲ ಎಂಬುದು ಅವರಿಗೂ ಗೊತ್ತು. ಪ್ರಯಾಣಕ್ಕೆ 60 ದಿನ ಮುಂಚಿನಿಂದಲೇ ವಿದೇಶಿ ವಿನಿಮಯ ಪಡೆಯಲು ಅವಕಾಶವಿರುವುದರಿಂದ ಊರಿನಲ್ಲೇ ಎರಡು ಮೂರು ಕಡೆ ವಿಚಾರಿಸಿ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವವರಲ್ಲೇ ಕೊಳ್ಳಿ, ರಸೀದಿ ತಪ್ಪದೆ ಪಡೆಯಿರಿ. ರೂಪಾಯಿ ನಗದಿನಲ್ಲಿ 50,000ದವರೆಗೆ ಮಾತ್ರ ಕೊಳ್ಳಬಹುದು. ಮೀರಿದರೆ ಬ್ಯಾಂಕ್ ಮೂಲಕವೇ ಪಾವತಿ.

ಥಾಯ್ಲೆಂಡ್, ವಿಯೆಟ್ನಾಂ, ಇಂಡೊನೇಷ್ಯಾದಂಥ ದೇಶಗಳಿಗೆ ಹೋಗುವಾಗ ಇಲ್ಲಿ ಅವರ ನೋಟು ಕೊಳ್ಳುವುದಕ್ಕಿಂತ ಡಾಲರ್ ಒಯ್ದು ಅಲ್ಲಿ ಬದಲಾಯಿಸುವುದು ಸಾಮಾನ್ಯವಾಗಿ ಲಾಭ. ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣದಲ್ಲೇ ಆಗಮನದ ಮಹಡಿಯ ಕೌಂಟರಿಗಿಂತ ನೆಲಮಾಳಿಗೆಯಲ್ಲಿ, ನಗರಕ್ಕೆ ಹೋಗುವ ರೈಲಿನ ಹತ್ತಿರ ಇರುವ ಕೌಂಟರ್‌ಗಳಲ್ಲಿ ದರ ಒಳ್ಳೆಯದು. ಡಾಲರ್ ನೋಟು ಮಾತ್ರ ಗರಿಗರಿಯಾಗಿರಬೇಕು. ಮಡಿಸಿದ, ಶಾಯಿ ಬಿದ್ದ, ಅಂಚು ಹರಿದ ನೋಟನ್ನು ಅಲ್ಲಿನ ವ್ಯಾಪಾರಿ ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ತಳ್ಳುತ್ತಾನೆ. 2013ರಲ್ಲಿ ಬಂದ ನೀಲಿ ಪಟ್ಟಿಯ ನೂರರ ನೋಟನ್ನು ಕೇಳಿ ಪಡೆಯಿರಿ. ಹಳೆಯವೂ ಅಮೆರಿಕದಲ್ಲಿ ಚಲಾವಣೆಯಲ್ಲಿವೆ ಎಂಬ ವಾದ ಬಾಲಿಯ ಕೌಂಟರಿನಲ್ಲಿ ಗೆಲ್ಲುವುದು ಕಷ್ಟ.

ನಂಬಿಕೆ 5: ಯಂತ್ರ ರೂಪಾಯಿಯಲ್ಲಿ ಲೆಕ್ಕ ತೋರಿಸಿದರೆ ಅದನ್ನೇ ಒಪ್ಪಬೇಕು

ವಾಸ್ತವ: ಪ್ರವಾಸಿಗರು ಅರಿವಿಲ್ಲದೆ ಹಣ ಕಳೆದುಕೊಳ್ಳುವುದು ಇಲ್ಲೇ. ಬ್ಯಾಂಕಾಕಿನ ಎಟಿಎಂ ಒಂದಕ್ಕೆ ಕಾರ್ಡ್ ಹಾಕಿ ಮೊತ್ತ ಒತ್ತುತ್ತೀರಿ. ಮೊದಲು ಬರುವ ಪರದೆ, ವಿದೇಶಿ ಕಾರ್ಡಿಗೆ ಶುಲ್ಕವಿದೆ, ಒಪ್ಪಿಗೆಯೇ ಎಂದು ಕೇಳುತ್ತದೆ. ಹಲವು ಬ್ಯಾಂಕುಗಳಲ್ಲಿ ಪ್ರತಿ ಸಲಕ್ಕೆ 220 ಬಾಟ್ ಅಥವಾ ತುಸು ಹೆಚ್ಚು. ಇದನ್ನು ತಪ್ಪಿಸಲಾಗದು. ಆದರೆ ಸಾವಿರ ಬಾಟ್ ತೆಗೆದರೂ ಇಪ್ಪತ್ತು ಸಾವಿರ ತೆಗೆದರೂ ಅದೇ 220. ಮೊದಲನೆಯದಕ್ಕೆ ಶೇ. 22, ಎರಡನೆಯದಕ್ಕೆ ಶೇ. 1.1. ಹಾಗಾಗಿ ಚಿಲ್ಲರೆ ಚಿಲ್ಲರೆಯಾಗಿ ತೆಗೆಯಬೇಡಿ.

ಆಮೇಲಿನ ಪರದೆಯಲ್ಲಿದೆ ಗುಟ್ಟು. ಇಷ್ಟು ಬಾಟ್ ಅಂದರೆ ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಎಂದು ಸ್ಪಷ್ಟವಾಗಿ ತೋರಿಸಿ, ‘ಈ ಪರಿವರ್ತನೆ ಒಪ್ಪುತ್ತೀರಾ, ನಿರಾಕರಿಸುತ್ತೀರಾ’ ಎನ್ನುತ್ತದೆ. ಪರಿಚಿತ ರೂಪಾಯಿ ಕಂಡು ಬೆರಳು ‘ಒಪ್ಪಿಗೆ’ಯ ಕಡೆ ಹೋಗುತ್ತದೆ. ನಿರಾಕರಿಸಿದರೆ ಹಣವೇ ಬರುವುದಿಲ್ಲವೇನೋ ಎಂಬ ಹೆದರಿಕೆ ಬೇರೆ. ಹಣ ಬರುತ್ತದೆ! ನಿರಾಕರಿಸಿದಾಗ ಪರಿವರ್ತನೆ ಆಗುವುದು ವೀಸಾ ಅಥವಾ ಮಾಸ್ಟರ್‌ಕಾರ್ಡ್ ದರದಲ್ಲಿ. ಒಪ್ಪಿದರೆ ಆ ಯಂತ್ರದವರು ತಮ್ಮ ಲಾಭ ಸೇರಿಸಿ ಇಟ್ಟ ದರದಲ್ಲಿ. ರೂಪಾಯಿಯಲ್ಲೇ ಕೊಟ್ಟೆನಲ್ಲ ಎಂದರೂ ನಮ್ಮ ಹಲವು ಬ್ಯಾಂಕುಗಳು ಅದರ ಮೇಲೆ ತಮ್ಮ ಶುಲ್ಕವನ್ನೂ ಹಾಕುತ್ತವೆ. ಅಂಗಡಿಯವರು ಯಂತ್ರ ಚಾಚಿ ‘ಇಂಡಿಯನ್ ರುಪೀ?’ ಎಂದು ನಗುಮೊಗದಿಂದ ಕೇಳಿದಾಗಲೂ ಉತ್ತರ ಒಂದೇ: ಇಲ್ಲ, ನಿಮ್ಮ ದೇಶದ ಹಣದಲ್ಲೇ ಹಾಕಿ.

ಇದರ ಜತೆಗೆ, ಸಾಮಾನ್ಯ ಕಾರ್ಡಿನಲ್ಲಿ ಬ್ಯಾಂಕಿನ ಮಾರ್ಕಪ್, ಅಂದರೆ ವಿದೇಶಿ ಖರ್ಚಿನ ಪರಿವರ್ತನೆಗೆ ಹಾಕುವ ಶುಲ್ಕ, ಶೇ. 3.5ರವರೆಗೂ ಇರುತ್ತದೆ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಂದು ಲಕ್ಷದ ಖರ್ಚಿಗೆ 4,130 ರೂಪಾಯಿ ಹೆಚ್ಚುವರಿ. ಹೊರಡುವ ಮೊದಲು ನಿಮ್ಮ ಕಾರ್ಡಿನ ಮಾರ್ಕಪ್ ಎಷ್ಟು ಎಂದು ಕೇಳಿ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದನ್ನಂತೂ ಆಪತ್ತಿಗೆ ಮೀಸಲಿಡಿ. ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ.

ನಂಬಿಕೆ 6: ಫಾರೆಕ್ಸ್ ಕಾರ್ಡ್ ಇದ್ದರೆ ಬೇರೇನೂ ಬೇಡ

ವಾಸ್ತವ: ಇದು ಹೊರಡುವ ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡ್; ದರ ಮೊದಲೇ ನಿಗದಿಯಾಗುವುದು ಇದರ ಗುಣ. ಡಾಲರ್ ತುಂಬಿ ಅಮೆರಿಕದಲ್ಲಿ, ಯೂರೊ ತುಂಬಿ ಜರ್ಮನಿಯಲ್ಲಿ ಬಳಸಿದರೆ ಒಳ್ಳೆಯದೇ. ಡಾಲರ್ ತುಂಬಿ ವಿಯೆಟ್ನಾಮಿನಲ್ಲಿ ಬಳಸಿದರೆ ಮತ್ತೊಂದು ಪರಿವರ್ತನೆ, ಮತ್ತೊಂದು ಶುಲ್ಕ. ಹೋಟೆಲಿನವರು ಠೇವಣಿಯೆಂದು ಹಿಡಿದಿಟ್ಟ ಮೊತ್ತ ಬಿಡುಗಡೆಯಾಗಲು ದಿನಗಟ್ಟಲೆ ಹಿಡಿಯಬಹುದು. ಅಷ್ಟೂ ದಿನ ನಿಮ್ಮದೇ ಹಣ ನಿಮಗೆ ಸಿಗದು. ಠೇವಣಿಗೆ ಕ್ರೆಡಿಟ್ ಕಾರ್ಡ್ ಕೊಡಿ. ಬಾಡಿಗೆ ಕಾರಿನವರು ಹೆಚ್ಚಾಗಿ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ.

ನಂಬಿಕೆ 7: ಓಟಿಪಿ ಹೇಳದಿದ್ದರೆ ಕಾರ್ಡಿನಿಂದ ಹಣ ಹೋಗದು

ವಾಸ್ತವ: ಓಟಿಪಿಯ ಕಡ್ಡಾಯ ದೇಶದೊಳಗಿನ ಆನ್‌ಲೈನ್ ವಹಿವಾಟಿಗಾಗಿ ಬಂದದ್ದು. ವಿದೇಶಿ ಜಾಲತಾಣಗಳು ಕಾರ್ಡ್ ಸಂಖ್ಯೆ, ಅವಧಿ, ಹಿಂಬದಿಯ ಮೂರಂಕಿ ಇದ್ದರೆ ಓಟಿಪಿ ಕೇಳದೆಯೂ ಹಣ ಎಳೆಯಬಲ್ಲವು. ಆದ್ದರಿಂದ ವಿದೇಶಿ ಆನ್‌ಲೈನ್ ಗುಂಡಿಯನ್ನು ಬೇಕಾದಾಗ ಮಾತ್ರ ತೆರೆದು ಮುಚ್ಚಿ, ಮಿತಿ ಕಡಿಮೆ ಇಡಿ, ಮನೆಗೆ ಮರಳಿದ ದಿನ ಎಲ್ಲವನ್ನೂ ಮುಚ್ಚಿ. ಬ್ಯಾಂಕಿನ 1800ರಿಂದ ಆರಂಭವಾಗುವ ಸಂಖ್ಯೆಗಳು ವಿದೇಶದಿಂದ ಸಿಗದಿರಬಹುದು. +91 ಇರುವ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜತೆ ಇಡಿ. ಕಳ್ಳತನದಲ್ಲಿ ಫೋನೂ ಹೋಗುತ್ತದೆ.

ನಂಬಿಕೆ 8: ವಿದೇಶಕ್ಕೆ ಹಣ ಒಯ್ದರೆ ಶೇ. 20 ಸರ್ಕಾರಕ್ಕೆ

ವಾಸ್ತವ: ಪ್ರವಾಸದ ಖರ್ಚಿಗೆ ನೀವೇ ಕೊಳ್ಳುವ ವಿದೇಶಿ ಹಣ ಒಂದು ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷ ರೂಪಾಯಿ ಮೀರಿದರೆ, ಮೀರಿದ ಭಾಗಕ್ಕೆ ಮಾತ್ರ ಶೇ. 20 ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿ ಮಾಡುವ ತೆರಿಗೆ. 2025ರ ಏಪ್ರಿಲ್‌ಗೆ ಮುನ್ನ ಈ ಮಿತಿ ಏಳು ಲಕ್ಷ ಇತ್ತು. ಹಾಗೆ ಕಟ್ಟಿದ ಟಿಸಿಎಸ್ ಕೂಡ ಮುಳುಗಿದ ಹಣವಲ್ಲ. ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಹೆಚ್ಚಾದರೆ ಮರುಪಾವತಿ. ವಿನಿಮಯದ ಮೇಲಿನ ಜಿಎಸ್‌ಟಿಯೂ ಅಲ್ಪ: ಒಂದು ಲಕ್ಷ ರೂಪಾಯಿಗೆ 180.

ನಂಬಿಕೆ 9: ದುಬೈಯಲ್ಲಿ ಭಾವನಿದ್ದಾನೆ, ಅಲ್ಲಿ ಅವನು ದಿರ್ಹಂ ಕೊಡುತ್ತಾನೆ, ಇಲ್ಲಿ ಅವನ ಮನೆಗೆ ರೂಪಾಯಿ ಕೊಟ್ಟರಾಯಿತು

ವಾಸ್ತವ: ಮಂಗಳೂರು, ಉಡುಪಿ, ಭಟ್ಕಳದ ಕಡೆ ಮನೆಗೊಬ್ಬರಂತೆ ಗಲ್ಫಿನಲ್ಲಿರುವಾಗ ಇದು ಸಹಜ ಉಪಕಾರದಂತೆ ಕಾಣುತ್ತದೆ. ಕಾನೂನಿನ ಕಣ್ಣಿಗೆ ಇದು ಬ್ಯಾಂಕನ್ನು ಬದಿಗಿಟ್ಟು ನಡೆಸಿದ ವಿದೇಶಿ ವಿನಿಮಯ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ ಮೊತ್ತದ ಮೂರು ಪಟ್ಟಿನವರೆಗೆ ದಂಡಕ್ಕೆ ಅವಕಾಶವಿದೆ. ಭಾವ ಊಟ ಹಾಕಿದರೆ, ಊರು ತೋರಿಸಿದರೆ, ಕೈಗೆ ಉಡುಗೊರೆಯಾಗಿ ನೂರಿನ್ನೂರು ದಿರ್ಹಂ ಕೊಟ್ಟರೆ ತಪ್ಪಿಲ್ಲ. ‘ಅಲ್ಲಿ ಕೊಡು, ಇಲ್ಲಿ ಕೊಡುತ್ತೇನೆ’ ಎಂಬ ಲೆಕ್ಕವೇ ತಪ್ಪು.

ನಂಬಿಕೆ 10: ಉಳಿದ ಡಾಲರ್ ಮುಂದಿನ ಪ್ರವಾಸಕ್ಕೆ ಬೀರುವಿನಲ್ಲಿರಲಿ

ವಾಸ್ತವ: 2,000 ಡಾಲರ್‌ವರೆಗೆ ಇಟ್ಟುಕೊಳ್ಳಬಹುದು. ಅದಕ್ಕೂ ಹೆಚ್ಚಿದ್ದರೆ ಮರಳಿದ 180 ದಿನಗಳೊಳಗೆ ಬ್ಯಾಂಕಿಗೋ ಪರವಾನಗಿ ಇರುವ ವಿನಿಮಯದವರಿಗೋ ಒಪ್ಪಿಸಬೇಕು. ಆಗ ಕೊಂಡಾಗಿನ ರಸೀದಿ ನೆರವಿಗೆ ಬರುತ್ತದೆ.

ಇಷ್ಟನ್ನೂ ಕೂಡಿಸಿದರೆ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಒಂದು ತಿಂಗಳ ಮೊದಲು ಕಾರ್ಡಿನ ಬಗೆ, ಅವಧಿ, ಮಾರ್ಕಪ್ ವಿಚಾರಿಸಿ. ಬದಲಾಯಿಸಬೇಕಾದರೆ ಹೊಸ ಕಾರ್ಡ್ ಅಂಚೆಯಲ್ಲಿ ಬರಲು ಸಮಯ ಬೇಕು. ಒಂದು ವಾರದ ಮೊದಲು ದರ ಹೋಲಿಸಿ ನೋಟು ಕೊಳ್ಳಿ. ಹಿಂದಿನ ದಿನ ಗುಂಡಿಗಳನ್ನು ತೆರೆಯಿರಿ, ರೋಮಿಂಗ್ ಚಾಲೂ ಮಾಡಿ. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡು, ಎರಡು ಮೂರು ದಿನಕ್ಕಾಗುವ ನಗದು ಇರಲಿ. ಒಂದು ಕಾರ್ಡ್ ಜೇಬಿನಲ್ಲಿದ್ದರೆ ಇನ್ನೊಂದು ಹೋಟೆಲ್ ಕೋಣೆಯ ತಿಜೋರಿಯಲ್ಲಿ. ಎಲ್ಲವನ್ನೂ ಒಂದೇ ಪರ್ಸಿನಲ್ಲಿ ತುಂಬಿಕೊಂಡರೆ ಈ ತಯಾರಿಯಷ್ಟೂ ಒಬ್ಬ ಜೇಬುಗಳ್ಳನ ಪಾಲಾಗುತ್ತದೆ.