ಅಣಬೆಯ ಬುಡದಲ್ಲಿ ಏನಿದೆ?

ಜೂನ್‌ನಲ್ಲಿ ನಾಲ್ಕು ದಿನ ಮಳೆ ಹೊಡೆದರೆ ಸಾಕು, ನಮ್ಮ ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಅಣಬೆಗಳು ಏಳಲು ಶುರು. ಈ ಸಲ ನಿಮ್ಮ ವಿಜ್ಞಾನ ಸಂಘದ ಐದಾರು ಮಂದಿ ಸೇರಿ, ಅಧ್ಯಾಪಕರ ಜೊತೆಗೆ, ಹತ್ತಿರದ ಕುರುಚಲು ಕಾಡಿಗೆ ಹೋಗಿ ಹುಡುಕಿ ನೋಡಿ. ಬುಟ್ಟಿ, ಚಿಕ್ಕ ಚಾಕು, ಸ್ಕೇಲು, ಭೂತಗನ್ನಡಿ, ನೋಟ್‌ಬುಕ್ ಇದ್ದರಾಯಿತು. ಪ್ಲಾಸ್ಟಿಕ್ ತೊಟ್ಟೆ ಬೇಡ, ಅದರೊಳಗೆ ಅಣಬೆ ಬೆವರಿ ಕೊಳೆಯುತ್ತದೆ.

ಅಣಬೆ ಕಂಡ ಕೂಡಲೇ ಎಲ್ಲರೂ ಮಾಡುವುದೇನು? ಕೊಡೆ ಹಿಡಿದು ಎಳೆಯುವುದು! ಆಗ ಮುಖ್ಯ ಸಾಕ್ಷಿ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಸುತ್ತಲಿನ ಮಣ್ಣನ್ನು ಮೆಲ್ಲಗೆ ಬಿಡಿಸಿ. ಹುತ್ತದ ಅಣಬೆಯಾದರೆ ಕಾಂಡ ಬೇರಿನಂತೆ ಸಪೂರವಾಗಿ ಆಳಕ್ಕೆ ಇಳಿದಿರುತ್ತದೆ. ಅದು ಹೋಗಿ ಮುಟ್ಟುವುದು ಗೆದ್ದಲಿನ ತೋಟಕ್ಕೆ. ಹೌದು, ತೋಟವೇ! ಗೆದ್ದಲುಗಳು ಕಟ್ಟಿಗೆ, ತರಗೆಲೆ ತಿಂದು ಹಿಕ್ಕೆಯಿಂದ ಸ್ಪಂಜಿನಂಥ ಗೂಡು ಕಟ್ಟಿ, ಅದರಲ್ಲಿ ಶಿಲೀಂಧ್ರ ಬೆಳೆಸಿ ತಿನ್ನುತ್ತವೆ. ಈ ಕುಲಕ್ಕೆ 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು.

ಬುಡದಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯಂಥ ಚೀಲ ಕಂಡಿತೋ, ಜಾಗ್ರತೆ. ಅದು ಅಮಾನಿಟ ಕುಲದ್ದಿರಬಹುದು. ಅದರಲ್ಲಿ ಕೆಲವು ಜಾತಿಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ತಿಂದು ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ವಾಂತಿ, ಭೇದಿ. ಆಮೇಲೆ ಒಂದು ದಿನ ಗುಣವಾದಂತೆ ಕಾಣಿಸುತ್ತದೆ. ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಬೆಳ್ಳಿ ಕಪ್ಪಾದರೆ ಮಾತ್ರ ವಿಷ, ಹುಳ ತಿಂದದ್ದು ನಾವೂ ತಿನ್ನಬಹುದು ಅಂತ ಊರಲ್ಲಿ ಹೇಳ್ತಾರಲ್ಲ, ಎರಡೂ ಸುಳ್ಳು. ಪ್ರಾಣ ತೆಗೆಯುವ ಅಣಬೆಯನ್ನೂ ಹುಳಗಳು ಆರಾಮವಾಗಿ ತಿನ್ನುತ್ತವೆ. ಆದ್ದರಿಂದ ನಮ್ಮ ಹುಡುಕಾಟ ನೋಡುವುದಕ್ಕೆ ಮಾತ್ರ. ರುಚಿ ಕೂಡ ನೋಡಬೇಡಿ. ಮುಟ್ಟಿದರೆ ಏನೂ ಆಗದು, ಕೈ ತೊಳೆದರೆ ಸಾಕು.

ತುಳುವಿನಲ್ಲಿ ಕಲ್ಲಲಾಂಬು ಅನ್ನುವ ಉರುಟು ಕಲ್ಲಣಬೆ ಸಿಕ್ಕಿದರೆ ನಡುವೆ ಉದ್ದಕ್ಕೆ ಕೊಯ್ಯಿರಿ. ಎಳೆಯದಾದರೆ ಒಳಗೆಲ್ಲ ಒಂದೇ ಬಿಳುಪು. ಬಲಿತ ಮೇಲೆ ಹೊರಸಿಪ್ಪೆ ನಕ್ಷತ್ರದ ಹಾಗೆ ಬಿರಿಯುತ್ತದೆ. ಕೊಯ್ದಾಗ ಒಳಗೆ ಪುಟ್ಟ ಕೊಡೆಯ ಆಕಾರ ಕಂಡರೆ ಮಾತ್ರ ಅದು ಕಲ್ಲಣಬೆಯೇ ಅಲ್ಲ, ಇನ್ನೂ ಅರಳದ ಅಮಾನಿಟವೂ ಇರಬಹುದು.

ಶಾಲೆಗೆ ಬಂದ ಮೇಲೆ ಇನ್ನೊಂದು ಕೆಲಸ ಉಂಟು. ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಕೊಡೆಯನ್ನು ಕವುಚಿಟ್ಟು ಲೋಟ ಮುಚ್ಚಿ. ಮರುದಿನ ಎತ್ತಿದರೆ ಬೀಜಕಗಳು ಉದುರಿ ಚಕ್ರದಂಥ ಚಿತ್ತಾರ ಮೂಡಿರುತ್ತದೆ. ಬೀಜಕ ಒಂದೊಂದಾಗಿ ಬರಿಗಣ್ಣಿಗೆ ಕಾಣದು, ರಾಶಿಯ ಬಣ್ಣ ಮಾತ್ರ ಕಾಣುತ್ತದೆ. ಹುತ್ತದ ಅಣಬೆಯದ್ದು ನಸುಗುಲಾಬಿ. ಹುಲ್ಲಿನ ಅಂಗಳದಲ್ಲಿ ಏಳುವ, ನೋಡಲು ಚಂದದ ಬಿಳಿ ಕ್ಲೋರೋಫಿಲಮ್ ಮಾಲಿಬ್ಡೈಟಿಸ್‌ನದ್ದು ಮಂಕು ಹಸಿರು. ಎಳತರಲ್ಲಿ ಅದರ ಅಡಿಯ ಪದರಗಳೂ ಬಿಳಿಯೇ, ಹಾಗಾಗಿ ಎಷ್ಟೋ ಮಂದಿ ಒಳ್ಳೆಯದೆಂದು ತಿಂದು ಆಸ್ಪತ್ರೆ ಸೇರುತ್ತಾರೆ. ಚಿತ್ತಾರದ ಪಕ್ಕದಲ್ಲೇ ತಾರೀಕು, ಸಿಕ್ಕಿದ ಜಾಗ, ಹತ್ತಿರವಿದ್ದ ಮರದ ಹೆಸರು ಬರೆದಿಡಿ.