ಕವಿತೆಯಲ್ಲಿ ಮಾತನಾಡುತ್ತಿರುವವರು ಯಾರು?

ಕವಿತೆಯೊಂದನ್ನು ಓದಿ ಮುಗಿಸಿದ ಕೂಡಲೇ ‘ಇದರ ಆಶಯವೇನು?’ ಎಂದು ಕೇಳುವುದು ಶಾಲಾ ದಿನಗಳಿಂದಲೇ ನಮಗೆ ಅಂಟಿಕೊಂಡ ಅಭ್ಯಾಸ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇಲ್ಲಿ ಮಾತನಾಡುತ್ತಿರುವವರು ಯಾರು, ಯಾರೊಡನೆ, ಯಾವ ಸಂದರ್ಭದಲ್ಲಿ? ದಶಕಗಳ ಕಾಲ ಸರ್ಕಾರಿ ಕಡತಗಳನ್ನು ಓದಿದ ನನಗೆ ಈ ಕ್ರಮ ಸಹಜವೆನಿಸುತ್ತದೆ. ಕೆಳಗಿನ ಸಹಿ ಯಾರದೆಂದು ನೋಡದೆ ಟಿಪ್ಪಣಿಯ ವಾದವನ್ನು ತೂಗಲಾಗದು.

ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ 1915ರಲ್ಲಿ ಪ್ರಕಟಿಸಿದ ‘ದಿ ರೋಡ್ ನಾಟ್ ಟೇಕನ್’ ಕವಿತೆಯನ್ನೇ ನೋಡಿ. ಭಾಷಣಗಳಲ್ಲಿ ಇದನ್ನು ಸ್ವತಂತ್ರ ಮನೋಭಾವದ ಘೋಷಣೆಯಂತೆ ಉದ್ಧರಿಸುವವರು ಬಹಳ. ಹೆಚ್ಚು ಜನ ತುಳಿಯದ ಹಾದಿಯನ್ನು ಆಯ್ದುಕೊಂಡವನೇ ಧೀರ ಎಂಬುದು ಅವರು ಕಾಣುವ ಆಶಯ. ಆದರೆ ನಿರೂಪಕನ ಮಾತನ್ನು ಕಿವಿಗೊಟ್ಟು ಕೇಳಿದರೆ ಚಿತ್ರವೇ ಬೇರೆ. ಎರಡೂ ಹಾದಿಗಳು ಹೆಚ್ಚುಕಡಿಮೆ ಒಂದೇ ರೀತಿ ಸವೆದಿದ್ದವೆಂದು ಆತನೇ ಒಪ್ಪುತ್ತಾನೆ. ತನ್ನ ಆಯ್ಕೆಯೇ ಎಲ್ಲವನ್ನೂ ಬದಲಿಸಿತೆಂದು ಮುಂದೆಂದೋ ಹೇಳಿಕೊಳ್ಳಲಿರುವುದನ್ನೂ ಮುಂಚಿತವಾಗಿಯೇ ತಿಳಿಸುತ್ತಾನೆ. ಒಟ್ಟಿಗೆ ನಡೆಯಲು ಹೋದಾಗ, ಬೇರೆ ಹಾದಿ ಹಿಡಿಯಬೇಕಿತ್ತೆಂದು ಹಳಹಳಿಸುತ್ತಿದ್ದ ಗೆಳೆಯ, ಇಂಗ್ಲಿಷ್ ಕವಿ ಎಡ್ವರ್ಡ್ ಥಾಮಸ್‌ರನ್ನು ಫ್ರಾಸ್ಟ್ ಇಲ್ಲಿ ನಯವಾಗಿ ಛೇಡಿಸಿದ್ದರು. ಆದ್ದರಿಂದ ಈ ಕವಿತೆಯ ವಸ್ತು ಧೈರ್ಯವಲ್ಲ. ಆಗಿಹೋದ ಆಯ್ಕೆಗೆ ಆಮೇಲೆ ಕಾರಣ ಹೊಂದಿಸುವ ಮನುಷ್ಯ ಸ್ವಭಾವ. ನಿವೃತ್ತರ ಕೂಟಗಳಲ್ಲಿ ಕುಳಿತವರಿಗೆ ಈ ಸ್ವಭಾವ ಅಪರಿಚಿತವೇನಲ್ಲ.

ಹಾಗೆಂದು ‘ನಿರೂಪಕ ಬೇರೆ, ಕವಿ ಬೇರೆ’ ಎಂಬುದನ್ನೇ ಸಿದ್ಧಸೂತ್ರವಾಗಿಸಿಕೊಳ್ಳುವುದೂ ಸರಿಯಲ್ಲ. ದ.ರಾ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಮಗುವನ್ನು ಕಳೆದುಕೊಂಡ ಅವರ ಸ್ವಂತ ಶೋಕದಿಂದಲೇ ಹುಟ್ಟಿದ್ದು. ಮಡದಿಯ ನೋಟವನ್ನು ಎದುರಿಸಲಾಗದ ತಂದೆ ಅಲ್ಲಿ ಮಾತನಾಡುತ್ತಾನೆ. ಆದರೂ ಅದನ್ನು ಪ್ರೇಮಗೀತೆಯೆಂದು ಭಾವಿಸಿ ತಲೆದೂಗುವವರಿದ್ದಾರೆ. ಕವಿಯ ಬದುಕನ್ನು ಅರಿಯದವರಿಗೂ ಪದ್ಯದೊಳಗೇ ಸುಳಿವುಗಳುಂಟು. ಹುಣ್ಣಿಮೆಯ ಚಂದ್ರ ಹಗಲಿನ ಮುಗಿಲಲ್ಲಿ ಹೆಣವಾಗಿ ಕಾಣುವುದು ಪ್ರಣಯಿಯ ಕಣ್ಣಿಗಲ್ಲ. ಅಳು ನುಂಗಬೇಡ, ಅತ್ತುಬಿಡು ಎಂದು ಬೇಡುವ ದನಿಯೂ ಪ್ರಣಯದ್ದಲ್ಲ.

ಎರಡು ಕವಿತೆಗಳಲ್ಲೂ ತಪ್ಪಿಹೋಗುವುದು ಒಂದೇ: ಹೇಳುವವನನ್ನು ಬಿಟ್ಟು ಹೇಳಿಕೆಯನ್ನಷ್ಟೇ ಎತ್ತಿಕೊಳ್ಳುತ್ತೇವೆ. ತನಗೆ ತಾನೇ ಸಮಾಧಾನ ಹೇಳಿಕೊಳ್ಳುವವನ ಮಾತು ನಮಗೆ ನೀತಿವಾಕ್ಯವಾಗುತ್ತದೆ, ತಂದೆಯ ಸಂಕಟ ಶೃಂಗಾರವಾಗುತ್ತದೆ. ಇದರಿಂದ ಕಾವ್ಯಕ್ಕೇನೂ ನಷ್ಟವಿಲ್ಲ. ಇನ್ನೊಬ್ಬರ ದನಿಯನ್ನು ಅವರದೇ ದನಿಯಾಗಿ ಕೇಳುವ ಅಭ್ಯಾಸ ನಮ್ಮಿಂದ ದೂರವಾಗುತ್ತದೆ. ಮನೆಯಲ್ಲಿ, ಕಚೇರಿಯಲ್ಲಿ ನಿತ್ಯವೂ ಬೇಕಾದ ಅಭ್ಯಾಸವದು.

ನಮ್ಮ ಪ್ರಶ್ನೆಪತ್ರಿಕೆಗಳು ಕವಿತೆಯ ಸಾರಾಂಶ ಕೇಳುವ ಮುನ್ನ ಒಂದು ಅಂಕದ ಪ್ರಶ್ನೆಯನ್ನು ಸೇರಿಸಿಕೊಳ್ಳಲಿ: ‘ಈ ಮಾತನ್ನು ಯಾರು, ಯಾರಿಗೆ ಹೇಳಿದರು?’ ಗದ್ಯಪಾಠಗಳಿಗೆ ಇದನ್ನು ಕೇಳುವುದು ಹಳೆಯ ರೂಢಿ. ಕಾವ್ಯಕ್ಕೆ ಅದರ ಅಗತ್ಯ ಇನ್ನೂ ಹೆಚ್ಚು.