ಲಿನಕ್ಸ್ ಗಣಕಯಂತ್ರಗಳಲ್ಲಿ ಹೊರಮೂಲದ ತಂತ್ರಾಂಶಗಳ ಅಳವಡಿಕೆ: ಬಳಕೆದಾರರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಪರವಾನಗಿ ಶುಲ್ಕವಿಲ್ಲದೆ ದೊರೆಯುವ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯು ಶಾಲೆ, ಕಚೇರಿ ಹಾಗೂ ಮನೆಗಳಲ್ಲಿ ಬಳಕೆಯಲ್ಲಿದೆ. ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಭಾಷೆಗಳ ಸೌಲಭ್ಯದೊಂದಿಗೆ 2007ರಲ್ಲಿ ಬಿಡುಗಡೆ ಮಾಡಿದ ‘ಬಾಸ್’ ಲಿನಕ್ಸ್ ವ್ಯವಸ್ಥೆಯು ಡೆಬಿಯನ್ ಆಧಾರಿತವಾದುದು. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ಗಣಕ ತರಬೇತಿಗಳಲ್ಲಿ ಬಳಕೆಯಾಗಿರುವ ಉಬುಂಟು ಸಹ ಡೆಬಿಯನ್ ಮೂಲದ್ದೇ ಆಗಿದೆ. ಈ ವ್ಯವಸ್ಥೆಗಳೊಂದಿಗೆ ಬಾರದ ತಂತ್ರಾಂಶವನ್ನು ಹೊರಗಿನಿಂದ ತಂದು ಅಳವಡಿಸುವಾಗ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಯಾದಗಿರಿ ಜಿಲ್ಲೆಯ ನಾರಾಯಣಪುರದಂತಹ, ಜಿಲ್ಲಾ ಕೇಂದ್ರದಿಂದ ದೂರವಿರುವ ಊರುಗಳ ಬಳಕೆದಾರರಿಗೆ ಈ ಮಾಹಿತಿ ಹೆಚ್ಚು ಅಗತ್ಯವಾದುದು. ಶಾಲೆಯ ಅಥವಾ ಅಂಗಡಿಯ ಒಂದೇ ಗಣಕಯಂತ್ರದಲ್ಲಿ ದಾಖಲೆಗಳು, ಗುಪ್ತಪದಗಳು ಹಾಗೂ ಬ್ಯಾಂಕ್ ವ್ಯವಹಾರಗಳು ಒಟ್ಟಿಗೆ ಇರುವಲ್ಲಿ, ಅಪರಿಚಿತ ಮೂಲದ ಒಂದು ಕಡತ ಅವೆಲ್ಲಕ್ಕೂ ಧಕ್ಕೆ ತರಬಲ್ಲದು.

ತಂತ್ರಾಂಶ ಭಂಡಾರ ಎಂದರೇನು?

ಪ್ರತಿಯೊಂದು ಲಿನಕ್ಸ್ ವಿತರಣೆಯೂ ತಾನು ಪರಿಶೀಲಿಸಿದ ತಂತ್ರಾಂಶಗಳನ್ನು ‘ರೆಪೊಸಿಟರಿ’ ಎಂಬ ಭಂಡಾರದಲ್ಲಿ ಇರಿಸುತ್ತದೆ. ಭಂಡಾರದ ಪಟ್ಟಿಗೆ ವಿತರಣೆಯ ಗಣಕೀಕೃತ ಸಹಿ ಇರುತ್ತದೆ. ‘ಆಪ್ಟ್’ ಎಂಬ ಸಾಧನವು ಆ ಸಹಿಯನ್ನು ತಾಳೆ ನೋಡಿ, ಬೇಕಾದ ಪೊಟ್ಟಣವನ್ನೂ ಅದು ಅವಲಂಬಿಸಿರುವ ಇತರ ಪೊಟ್ಟಣಗಳನ್ನೂ ತಂದು ಅಳವಡಿಸುತ್ತದೆ.

ಬಸವಸಾಗರ ಜಲಾಶಯದ ನೀರು ಎಡದಂಡೆ ಕಾಲುವೆ, ವಿತರಣಾ ಕಾಲುವೆ, ಹೊಲಗಾಲುವೆಗಳ ಮೂಲಕ ಹೊಲವನ್ನು ತಲುಪುವಂತೆ, ಭಂಡಾರದ ತಂತ್ರಾಂಶವೂ ಹಲವು ಹಂತಗಳನ್ನು ದಾಟಿ ಬರುತ್ತದೆ. ಪ್ರತಿ ಹಂತದಲ್ಲಿಯೂ ಹೊಣೆ ಹೊತ್ತವರಿರುತ್ತಾರೆ. ಹೊರಮೂಲದ ತಂತ್ರಾಂಶವು ಈ ಹಂತಗಳನ್ನು ದಾಟಿ ಬಂದಿರುವುದಿಲ್ಲ. ಆದ್ದರಿಂದ ಪರಿಶೀಲನೆಯ ಹೊಣೆ ಬಳಕೆದಾರರ ಮೇಲೆಯೇ ಬೀಳುತ್ತದೆ.

ಹೊರಮೂಲದ ತಂತ್ರಾಂಶ ಏಕೆ ಬೇಕಾಗುತ್ತದೆ?

ಕೆಲವು ಮುದ್ರಣ ಯಂತ್ರಗಳ ಚಾಲಕ ತಂತ್ರಾಂಶಗಳು ತಯಾರಕರ ಬಳಿ ಮಾತ್ರ ದೊರೆಯುತ್ತವೆ. ಗೂಗಲ್ ಕ್ರೋಮ್‌ನಂತಹ ಜಾಲ ವೀಕ್ಷಕಗಳು ಡೆಬಿಯನ್ ಭಂಡಾರದಲ್ಲಿ ಇರುವುದಿಲ್ಲ. ಗಣಿತ ಬೋಧನೆಗೆ ಬಳಸುವ ಜಿಯೋಜಿಬ್ರಾದಂತಹ ತಂತ್ರಾಂಶಗಳು ಭಂಡಾರದಲ್ಲಿದ್ದರೂ ಆವೃತ್ತಿ ಹಳೆಯದಾಗಿರುವುದುಂಟು. ಇಂತಹ ಸಂದರ್ಭಗಳಲ್ಲಿ ಹೊರಮೂಲವನ್ನು ಅವಲಂಬಿಸುವುದು ತಪ್ಪಲ್ಲ. ವಿಚಾರಿಸದೆ ಅವಲಂಬಿಸುವುದು ಅಪಾಯಕರ.

ಅಪಾಯದ ಸ್ವರೂಪ

ಡೆಬಿಯನ್ ಮಾದರಿಯ ‘ಡೆಬ್’ ಪೊಟ್ಟಣದೊಳಗೆ ತಂತ್ರಾಂಶದ ಜೊತೆಗೆ ಅಳವಡಿಕೆಯ ಸಮಯದಲ್ಲಿ ನಡೆಯುವ ಆದೇಶಗಳೂ ಇರಬಹುದು. ಬಳಕೆದಾರರು ಗುಪ್ತಪದ ನೀಡಿದೊಡನೆ ಆ ಆದೇಶಗಳು ಯಂತ್ರದ ಮೇಲಿನ ಪೂರ್ಣಾಧಿಕಾರದೊಂದಿಗೆ ನಡೆಯುತ್ತವೆ. ತಂತ್ರಾಂಶವನ್ನು ಒಮ್ಮೆಯೂ ತೆರೆಯದಿದ್ದರೂ ಹಾನಿ ಆಗಿಹೋಗಿರುತ್ತದೆ.

ಇದಕ್ಕೆ ನಿದರ್ಶನವಿದೆ. ಫ್ರೀ ಡೌನ್‌ಲೋಡ್ ಮ್ಯಾನೇಜರ್ ಎಂಬ ತಂತ್ರಾಂಶದ ಜಾಲತಾಣಕ್ಕೆ ಭೇಟಿ ನೀಡಿದ ಕೆಲವು ಲಿನಕ್ಸ್ ಬಳಕೆದಾರರನ್ನು 2020ರಿಂದ 2022ರ ಅವಧಿಯಲ್ಲಿ ನಕಲಿ ಭಂಡಾರವೊಂದಕ್ಕೆ ಕಳುಹಿಸಲಾಗುತ್ತಿದ್ದ ಸಂಗತಿಯನ್ನು ಕ್ಯಾಸ್ಪರ್‌ಸ್ಕಿ ಸಂಸ್ಥೆಯು 2023ರ ಸೆಪ್ಟೆಂಬರ್‌ನಲ್ಲಿ ಬಹಿರಂಗಪಡಿಸಿತು. ಅಲ್ಲಿಂದ ಬಂದ ಡೆಬ್ ಪೊಟ್ಟಣದ ಅಳವಡಿಕೆ ಆದೇಶದಲ್ಲಿಯೇ ದುಷ್ಟ ತಂತ್ರಾಂಶ ಅಡಗಿದ್ದು, ಅದು ಉಳಿಸಿಟ್ಟ ಗುಪ್ತಪದಗಳನ್ನೂ ಜಾಲ ವೀಕ್ಷಣೆಯ ದಾಖಲೆಗಳನ್ನೂ ಕದಿಯುತ್ತಿತ್ತು. ಮೂಲ ತಂತ್ರಾಂಶವು ಎಂದಿನಂತೆ ಕೆಲಸ ಮಾಡುತ್ತಿದ್ದುದರಿಂದ ಬಳಕೆದಾರರಿಗೆ ಸಂಶಯ ಬರುವ ಸಂಭವ ಕಡಿಮೆಯಿತ್ತು.

ಅಧಿಕೃತ ಭಂಡಾರಗಳೂ ಸಂಪೂರ್ಣ ನಿರಪಾಯವೆಂದು ಹೇಳಲಾಗದು. ‘ಎಕ್ಸ್‌ಝಡ್’ ಎಂಬ ಸಂಕೋಚನ ತಂತ್ರಾಂಶದಲ್ಲಿ ಸೇರಿಸಲಾಗಿದ್ದ ಕಳ್ಳದಾರಿಯು 2024ರ ಮಾರ್ಚ್ 29ರಂದು ಬಯಲಾಯಿತು. ಆದರೆ ಅದು ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳಿಗೆ ಬಂದಿತ್ತೇ ಹೊರತು ಸ್ಥಿರ ಆವೃತ್ತಿಯನ್ನು ತಲುಪಿರಲಿಲ್ಲ. ಹಂತ ಹಂತವಾದ ಪರಿಶೀಲನೆಯ ಪ್ರಯೋಜನ ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡ ಬಳಕೆಗೆ ಹೊರಮೂಲ ಅಗತ್ಯವೇ?

ಕನ್ನಡದಲ್ಲಿ ಓದಲು ಹಾಗೂ ಬರೆಯಲು ಬೇಕಾದ ತಂತ್ರಾಂಶಕ್ಕಾಗಿ ಹೊರಗಿನ ಜಾಲತಾಣಗಳನ್ನು ಹುಡುಕುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಡೆಬಿಯನ್ ಮತ್ತು ಉಬುಂಟು ಭಂಡಾರಗಳಲ್ಲಿರುವ ‘ಫಾಂಟ್ಸ್-ಕೆಎನ್‌ಡಿಎ’ ಪೊಟ್ಟಣವನ್ನು ಅಳವಡಿಸಿದಲ್ಲಿ ಲೋಹಿತ್, ಗುಬ್ಬಿ ಮತ್ತು ನವಿಲು ಯೂನಿಕೋಡ್ ಅಕ್ಷರ ವಿನ್ಯಾಸಗಳು ದೊರೆಯುತ್ತವೆ. ‘ಐಬಸ್-ಎಂ17ಎನ್’ ಪೊಟ್ಟಣದ ಮೂಲಕ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸವನ್ನೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಳಸಿದವರಿಗೆ ಪರಿಚಿತವಾದ ಕೆಜಿಪಿ ವಿನ್ಯಾಸವನ್ನೂ ಪಡೆಯಬಹುದು.

ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳನ್ನು ಓದಲು ಆಯಾ ಅಕ್ಷರ ವಿನ್ಯಾಸದ ಕಡತವೇ ಬೇಕಾಗುತ್ತದೆ. ಅದನ್ನು ಬಳಕೆದಾರರ ಸ್ವಂತ ಕಡತಕೋಶದಲ್ಲಿ ಇರಿಸಿದರೆ ಸಾಕು. ಪೂರ್ಣಾಧಿಕಾರದ ಗುಪ್ತಪದ ನೀಡಬೇಕಾಗಿಲ್ಲ. ಅಕ್ಷರ ವಿನ್ಯಾಸವನ್ನು ನೀಡುವ ನೆಪದಲ್ಲಿ ಯಾವುದೇ ಜಾಲತಾಣವು ಅಳವಡಿಕೆ ಆದೇಶವನ್ನು ನಡೆಸಲು ಸೂಚಿಸಿದಲ್ಲಿ ಅದನ್ನು ತಿರಸ್ಕರಿಸುವುದು ಸೂಕ್ತ.

ಅಳವಡಿಕೆಯ ಕ್ರಮ

1. ಮೊದಲು ವಿತರಣೆಯ ಸ್ವಂತ ಭಂಡಾರದಲ್ಲಿ ಹುಡುಕತಕ್ಕದ್ದು. ಅಲ್ಲಿ ದೊರೆಯುವ ಆವೃತ್ತಿ ಹಳೆಯದಾದರೂ ಕೆಲಸಕ್ಕೆ ಸಾಕಾಗುವಂತಿದ್ದರೆ ಅದನ್ನೇ ಬಳಸುವುದು.

2. ಹೊರಮೂಲ ಅನಿವಾರ್ಯವಾದಲ್ಲಿ ತಯಾರಕರ ಅಧಿಕೃತ ಜಾಲತಾಣದ ವಿಳಾಸವನ್ನು ಖಚಿತಪಡಿಸಿಕೊಂಡು ಅಲ್ಲಿಂದಲೇ ಪಡೆಯುವುದು. ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತಿನ ಕೊಂಡಿಯನ್ನು ನಂಬಬಾರದು.

3. ವಿತರಣೆಯ ಆವೃತ್ತಿಗೂ ಯಂತ್ರದ ಸಂಸ್ಕಾರಕಕ್ಕೂ ಹೊಂದುವ ಪೊಟ್ಟಣವನ್ನೇ ಆರಿಸುವುದು. ಉಬುಂಟುವಿಗೆ ಸಿದ್ಧಪಡಿಸಿದ ಭಂಡಾರವನ್ನು ಡೆಬಿಯನ್‌ಗೆ ಸೇರಿಸಿದಲ್ಲಿ ಪರಸ್ಪರ ಅವಲಂಬನೆಗಳು ಮುರಿದು ವ್ಯವಸ್ಥೆ ಕೆಡಬಹುದು.

4. ಬಿಡಿ ಡೆಬ್ ಕಡತವನ್ನು ನೇರವಾಗಿ ಅಳವಡಿಸುವಾಗ ಸಾಮಾನ್ಯವಾಗಿ ಸಹಿಯ ಪರಿಶೀಲನೆ ನಡೆಯುವುದಿಲ್ಲ. ಆದುದರಿಂದ ತಯಾರಕರು ಪ್ರಕಟಿಸಿದ ಸಹಿ ಅಥವಾ ತಾಳೆಸಂಖ್ಯೆಯೊಂದಿಗೆ ಕಡತವನ್ನು ಹೋಲಿಸುವುದು. ಜಾಲತಾಣವೇ ಆಕ್ರಮಣಕ್ಕೆ ತುತ್ತಾಗಿದ್ದರೆ ತಾಳೆಸಂಖ್ಯೆಯೂ ಬದಲಾಗಿರಬಹುದು. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಜಾಲತಾಣದ ಕೊಂಡಿಯನ್ನೇ ಆಕ್ರಮಣಕಾರರು ಬದಲಿಸಿ ನಕಲಿ ಪ್ರತಿಯನ್ನು ವಿತರಿಸಿದ್ದರು. ಆದ್ದರಿಂದ ತಾಳೆಸಂಖ್ಯೆಗಿಂತ ಸಹಿ ಹೆಚ್ಚು ವಿಶ್ವಾಸಾರ್ಹವಾದುದು.

5. ಹೊರಗಿನ ಭಂಡಾರವನ್ನು ಸೇರಿಸುವುದೆಂದರೆ ಒಂದು ತಂತ್ರಾಂಶಕ್ಕೆ ಮಾತ್ರವಲ್ಲ, ಮುಂದೆ ಅಲ್ಲಿಂದ ಬರುವ ಎಲ್ಲ ಪರಿಷ್ಕರಣೆಗಳಿಗೂ ಅನುಮತಿ ನೀಡಿದಂತೆ. ಅದರ ಕೀಲಿಯನ್ನು ಆ ಭಂಡಾರಕ್ಕೆ ಮಾತ್ರ ಅನ್ವಯಿಸುವಂತೆ ಪ್ರತ್ಯೇಕ ಕಡತದಲ್ಲಿ ಇರಿಸುವುದು. ಹಳೆಯ ಕೈಪಿಡಿಗಳಲ್ಲಿ ಕಾಣುವ ‘ಆಪ್ಟ್-ಕೀ’ ವಿಧಾನವು ಕೀಲಿಯನ್ನು ಎಲ್ಲ ಭಂಡಾರಗಳಿಗೂ ಅನ್ವಯಿಸುತ್ತಿದ್ದುದರಿಂದ ಅದನ್ನು ಕೈಬಿಡಲಾಗಿದ್ದು, 2025ರಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿ ಆ ಸಾಧನವೇ ಇಲ್ಲ.

6. ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್ ವಿಧಾನಗಳು ತಂತ್ರಾಂಶವನ್ನು ಇತರ ಭಾಗಗಳಿಂದ ಪ್ರತ್ಯೇಕವಾಗಿ ನಡೆಸಲು ಪ್ರಯತ್ನಿಸುತ್ತವೆ. ಹೀಗಿದ್ದರೂ ಪ್ರಕಾಶಕರು ಯಾರು, ಯಾವ ಅನುಮತಿ ಕೇಳಲಾಗಿದೆ ಎಂಬುದನ್ನು ನೋಡುವುದು ಅಗತ್ಯ. 2018ರ ಮೇ ತಿಂಗಳಲ್ಲಿ ಸ್ನ್ಯಾಪ್ ಮಳಿಗೆಯ ಆಟದ ತಂತ್ರಾಂಶವೊಂದರಲ್ಲಿ ಗುಪ್ತನಾಣ್ಯ ಗಣಿಗಾರಿಕೆಯ ಆದೇಶ ಪತ್ತೆಯಾಗಿ ಅದನ್ನು ತೆಗೆದುಹಾಕಲಾಯಿತು.

7. ಅಳವಡಿಸಿದ ತಂತ್ರಾಂಶದ ಹೆಸರು, ಮೂಲ, ದಿನಾಂಕ ಮತ್ತು ಅಳವಡಿಸಿದವರ ಹೆಸರನ್ನು ವಹಿಯೊಂದರಲ್ಲಿ ನಮೂದಿಸುವುದು. ಬಳಕೆ ಮುಗಿದ ನಂತರ ತಂತ್ರಾಂಶದೊಂದಿಗೆ ಅದರ ಭಂಡಾರವನ್ನೂ ಕೀಲಿಯನ್ನೂ ತೆಗೆದುಹಾಕುವುದು.

ಅಂತರಜಾಲ ಸಂಪರ್ಕ ದುರ್ಬಲವಾಗಿರುವಲ್ಲಿ

ಪೆನ್‌ಡ್ರೈವ್ ಮೂಲಕ ಒಬ್ಬರಿಂದ ಒಬ್ಬರಿಗೆ ಸಾಗಿಬಂದ ಕಡತದ ಮೂಲವನ್ನು ತಿಳಿಯುವುದು ಕಷ್ಟ. ಉತ್ತಮ ಸಂಪರ್ಕವಿರುವ ಕಡೆ, ಅದೇ ವಿತರಣೆಯ ಅದೇ ಆವೃತ್ತಿಯುಳ್ಳ ಯಂತ್ರದಲ್ಲಿ ಅಧಿಕೃತ ಭಂಡಾರದಿಂದ ಪೊಟ್ಟಣಗಳನ್ನು ಅವಲಂಬನೆಗಳ ಸಹಿತ ಇಳಿಸಿಕೊಂಡು, ಜವಾಬ್ದಾರಿಯುತ ಸಿಬ್ಬಂದಿಯೇ ತರುವುದು ಸೂಕ್ತ. ಮುಖ್ಯ ದಾಖಲೆಗಳ ಪ್ರತಿಯನ್ನು ಅಳವಡಿಕೆಗೆ ಮುನ್ನ ಬೇರೆಡೆ ಇರಿಸತಕ್ಕದ್ದು.

ತೊಂದರೆ ಕಂಡುಬಂದಲ್ಲಿ

ಸಂಶಯ ಉಂಟಾದೊಡನೆ ಯಂತ್ರವನ್ನು ಅಂತರಜಾಲದಿಂದ ಬೇರ್ಪಡಿಸಿ, ಬೇರೊಂದು ಸುರಕ್ಷಿತ ಯಂತ್ರದಿಂದ ಗುಪ್ತಪದಗಳನ್ನು ಬದಲಿಸಬೇಕು. ಪೊಟ್ಟಣವನ್ನು ತೆಗೆದ ಮಾತ್ರಕ್ಕೆ ಅದು ಬಿಟ್ಟುಹೋದ ಕಡತಗಳು ಅಳಿಯುವುದಿಲ್ಲವಾದ್ದರಿಂದ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸುವುದೇ ಸುರಕ್ಷಿತ. ಹಣದ ವಂಚನೆ ನಡೆದಿದ್ದಲ್ಲಿ ವಿಳಂಬ ಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ದೂರು ನೀಡಬೇಕು. ಸರ್ಕಾರಿ ಕಚೇರಿಗಳು ಇಂತಹ ಘಟನೆಗಳನ್ನು, 2022ರ ಏಪ್ರಿಲ್ 28ರ ನಿರ್ದೇಶನದಂತೆ, ತಿಳಿದುಬಂದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡತಕ್ಕದ್ದು.

ಗುಪ್ತಪದ ಕೇಳುವ ಕಿಟಕಿ ತೆರೆದಾಗ, ಈ ಪೊಟ್ಟಣವನ್ನು ಸಿದ್ಧಪಡಿಸಿದವರು ಯಾರು ಮತ್ತು ಅದು ಯಾರ ಸಹಿಯೊಂದಿಗೆ ಬಂದಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದಿದ್ದರೆ ಮಾತ್ರ ಮುಂದುವರಿಯುವುದು ಬಳಕೆದಾರರಿಗೆ ಕ್ಷೇಮಕರ.